ಹೊಳೆದಂಡೆಗೆ ಬಂದ ಫೋನು

ಕಪಿಲೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ನಂಜಯ್ಯ ಎಂಬ ಗುರುಗಳು. ಆಶ್ರಮವೆಂದರೆ ಏನೋ ದೊಡ್ಡದು ಎಂದುಕೊಳ್ಳಬೇಡಿ. ಎರಡು ಕೋಣೆ, ಒಂದು ಅಡುಗೆಮನೆ, ಹೊಳೆಗೆ ಇಳಿಯುವ ಮೆಟ್ಟಿಲು, ಅಷ್ಟೆ.

ಗುರುಗಳು ಹರೆಯದಲ್ಲಿ ಹಡಗು ಹತ್ತಿ ಇಟಲಿಗೆ ಹೋಗಿ, ಕೆಲವು ವರ್ಷ ಅಲ್ಲಿದ್ದು ಬಂದವರು. ಅಲ್ಲಿಯ ಕಥೆಗಳನ್ನು ಅವರ ಬಾಯಲ್ಲೇ ಕೇಳಬೇಕು. ಬ್ರೆಡ್ಡಿನ ಅಂಗಡಿಯ ಮುಂದೆ ಜಗಳಕ್ಕೆ ನಿಲ್ಲುವ ಮುದುಕಿಯರು, ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಬೀದಿಗಳು, ದಾರಿಹೋಕರನ್ನು ಹಾಡು ಹೇಳಿ ಕರೆಯುವ ಕ್ಷೌರಿಕ.

ಆ ಕಥೆಗಳನ್ನು ಕೇಳಿ ಕೇಳಿಯೇ ಮೇದಿನಿ ಎಂಬ ಹುಡುಗಿ ಹಾಳಾದದ್ದು. ಹಾಳಾದಳು ಎಂದವರು ಅವಳ ಅಪ್ಪ. ಮಗಳು ಬಿ.ಕಾಂ. ಬಿಟ್ಟು ಇಟಾಲಿಯನ್ ಓದಲು ಕುಳಿತರೆ ಆತ ಬೇರೇನು ತಾನೆ ಅಂದಾನು!

ಈಗ ಅವಳದು ಕಡೆಯ ವರ್ಷ. ಆ ಭಾಷೆಯಾಡುವ ನಾಡಿನಲ್ಲಿ ಮೂರು ತಿಂಗಳು ಕೆಲಸ ಮಾಡಿ ಬರಬೇಕೆಂಬುದು ಕಾಲೇಜಿನ ನಿಯಮ. ಕೆಲಸವನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು. ತಿಂಗಳ ಕೊನೆಯೊಳಗೆ ಅಲ್ಲಿಂದ ಯಾರಾದರೂ ‘ಬಾ’ ಎನ್ನದಿದ್ದರೆ ಇಡೀ ವರ್ಷ ಮಣ್ಣುಪಾಲು. ಇದರ ಮಧ್ಯೆ ಪ್ರಬಂಧ ಒಪ್ಪಿಸಬೇಕು, ಅನುವಾದ ಮುಗಿಸಬೇಕು, ಪರೀಕ್ಷೆಗೆ ಓದಬೇಕು. ಒಂದೊಂದಕ್ಕೂ ಒಂದೊಂದು ಗಡುವು.

ಮನೆಯಲ್ಲಿ ತಲೆ ಚಿಟ್ಟು ಹಿಡಿದು, ಲ್ಯಾಪ್‌ಟಾಪನ್ನು ಬೆನ್ನಿಗೆ ಹಾಕಿಕೊಂಡು ಮೇದಿನಿ ಆಶ್ರಮಕ್ಕೆ ಬಂದಳು. ಗುರುಗಳು ಏನನ್ನೂ ಕೇಳಲಿಲ್ಲ. ಮಜ್ಜಿಗೆ ಕೊಟ್ಟರು. ಅವಳು ಕುಡಿದು ಮುಗಿಸಿದ ಮೇಲೆ ಮಾತು ತೆಗೆದರು.

“ಎಷ್ಟು ಕಡೆ ಕೇಳ್ದೆಯಮ್ಮ ಕೆಲಸಾನ?”

“ಐದು ಊರಿಗೆ ಬರೀಬೇಕು ಅಂದ್ಕೊಂಡಿದ್ದೆ ಗುರುಗಳೆ.”

“ಬರೆದೆಯಾ?”

“ಎರಡಕ್ಕೆ ಬರೆದೆ. ಮಿಕ್ಕಿದ್ದಕ್ಕೆ ಬರೆಯೋ ಹೊತ್ತಿಗೆ ಗಡುವು ಮುಗಿದುಹೋಯ್ತು.”

“ಅಷ್ಟುದ್ದದ ಕಾಗದವಾ?”

“ಉದ್ದ ಅಲ್ಲ. ಒಂದು ಪದ ಸರಿಯಾಗಿ ಕೂರ್ತಿರ್ಲಿಲ್ಲ. ಬದಲಾಯಿಸ್ತಾನೇ ಇದ್ದೆ.”

“ಕೊನೆಗೆ ಕೂತ್ಕೊಳ್ತಾ?”

“ಕೂತ್ಕೊಳ್ತು. ಗಡುವು ಮುಗಿದ ಮಾರನೇ ದಿನ.”

ಗುರುಗಳು ನಗಲಿಲ್ಲ. ನಗು ಬಂದದ್ದಂತೂ ನಿಜ. ಮೀಸೆ ಅಲುಗಿತು.

ಬರೆದ ಎರಡರಲ್ಲಿ ಒಂದು ಕಡೆಯವರು ಜಾಗವಿಲ್ಲ ಎಂದಿದ್ದರು. ಉಳಿದದ್ದು ಒಂದೇ. ಸಮುದ್ರದ ಪಕ್ಕದ ಒಂದು ಪುಟ್ಟ ಊರು, ಅಲ್ಲಿ ಮಕ್ಕಳಿಗಾಗಿಯೇ ಇರುವ ಒಂದು ಲೈಬ್ರರಿ. ಮಕ್ಕಳನ್ನು ಕೂರಿಸಿಕೊಂಡು ಕಥೆ ಓದಿ ಹೇಳುವುದೇ ಕೆಲಸ.

“ಸಿಕ್ರೆ ಅದೇ ಸಿಗಬೇಕು ಗುರುಗಳೆ,” ಎಂದಳು ಮೇದಿನಿ. ಹೇಳುವಾಗ ದನಿ ಸಣ್ಣಗಾಯಿತು. ಎಷ್ಟು ಆಸೆಯಿತ್ತೆಂದರೆ, ಆ ಊರಿನ ಹೆಸರನ್ನು ಜೋರಾಗಿ ಹೇಳಲೂ ಅವಳಿಗೆ ಭಯ.

ಆಶ್ರಮದಲ್ಲಿ ಹೊಳೆಯ ಮೆಟ್ಟಿಲ ಮೇಲೆ ಮಾತ್ರ ಸಿಗ್ನಲ್ಲು. ಮೇದಿನಿ ಅಲ್ಲೇ ಠಿಕಾಣಿ ಹೂಡಿದಳು. ಪ್ರಬಂಧವನ್ನು ಒಂದಿಷ್ಟು ಬರೆಯುವಳು, ಅದನ್ನು ಬಿಟ್ಟು ಅನುವಾದಕ್ಕೆ ಹಾರುವಳು, ಅದನ್ನೂ ಬಿಟ್ಟು ವ್ಯಾಕರಣದ ಪುಸ್ತಕ ತೆಗೆಯುವಳು. ಗುರುಗಳು ಮೇಲಿನ ಮೆಟ್ಟಿಲಲ್ಲಿ ಕುಳಿತು ನೋಡುತ್ತಿದ್ದರು. ನೋಡಿ ನೋಡಿ ಅವರಿಗೇ ಸುಸ್ತಾಯಿತು.

ಬಂದ ಮಾರನೆಯ ದಿನ ಮಧ್ಯಾಹ್ನ ಫೋನು ಬಡಿದುಕೊಂಡಿತು. ಮೇದಿನಿ ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಕೈ ಎಳೆದುಕೊಂಡಳು. ಫೋನು ಬಡಿದುಕೊಂಡು, ಬಡಿದುಕೊಂಡು, ಸುಮ್ಮನಾಯಿತು. ಅದು ಸುಮ್ಮನಾದದ್ದೇ ತಡ, ಇವಳ ಬೆರಳಿಗೆ ಜೀವ ಬಂತು. ಚಕಚಕನೆ ಏನೋ ಬರೆದು ಕಳಿಸಿದಳು.

“ಯಾರಮ್ಮ ಅದು?”

“ಲೊರೆದಾನಾ ಅಂತ. ಆ ಲೈಬ್ರರಿ ನಡೆಸೋರು.”

“ಏನು ಬರೆದೆ ಅವರಿಗೆ?”

“ಕ್ಷಮಿಸಿ, ತರಗತಿಯಲ್ಲಿದ್ದೆ ಅಂತ.”

ಗುರುಗಳು ಹೊಳೆಯನ್ನೊಮ್ಮೆ, ಮೆಟ್ಟಿಲನ್ನೊಮ್ಮೆ, ಆ ದಡದಲ್ಲಿ ಮೇಯುತ್ತಿದ್ದ ಎಮ್ಮೆಗಳನ್ನೊಮ್ಮೆ ನೋಡಿದರು. “ತರಗತಿ ಚೆನ್ನಾಗಿದೆ,” ಎಂದರು.

ಮೇದಿನಿ ತಲೆ ತಗ್ಗಿಸಿದಳು. “ಬರೆದ್ರೆ ಅಳಿಸಬಹುದು ಗುರುಗಳೆ. ಮಾತಾಡಿದ್ದನ್ನ ಹೇಗೆ ಅಳಿಸೋದು? ಅವರೆದುರು ತಪ್ಪು ತಪ್ಪು ಮಾತಾಡಿ ಮಾನ ಕಳ್ಕೊಳ್ಳೋಕೆ ನನ್ನಿಂದಾಗಲ್ಲ. ಇನ್ನೂ ಸ್ವಲ್ಪ ಸಿದ್ಧ ಆಗ್ಬೇಕು.”

“ಅವರು ಏನು ಕೇಳ್ತಾರೆ ಅಂತ ಗೊತ್ತಾ?”

“ಇಲ್ಲ.”

“ಮತ್ತೆ ಸಿದ್ಧ ಆಗೋದು ಯಾವುದಕ್ಕೆ?”

“ಏನೇನು ಕೇಳಬಹುದೋ ಅಷ್ಟಕ್ಕೂ ಉತ್ತರ ಬರೆದಿಟ್ಕೋತಿದ್ದೀನಿ.”

“ಅದೇನೂ ಕೇಳದೆ, ಊಟ ಆಯ್ತಾ ಅಂದ್ಬಿಟ್ರೆ?”

ಮೇದಿನಿ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಊಟದ ಬಗ್ಗೆಯೂ ಒಂದು ಉತ್ತರ ಬರೆದುಕೊಂಡಳು.

ಗುರುಗಳು ಹಣೆ ಚಚ್ಚಿಕೊಳ್ಳಲಿಲ್ಲ. ಗುರುಗಳಾದವರು ಹಾಗೆಲ್ಲ ಚಚ್ಚಿಕೊಳ್ಳುವಂತಿಲ್ಲ ನೋಡಿ. ಸುಮ್ಮನೆ ಹೊಳೆಯ ಕಡೆಗೆ ಕೈ ತೋರಿಸಿದರು.

“ಗೊತ್ತು ಗುರುಗಳೆ,” ಎಂದಳು ಮೇದಿನಿ ಬೇಸರದಿಂದ. “ಈಜಿನ ಉದಾಹರಣೆ ಕೊಡ್ತೀರಿ. ನಮ್ಮ ಪ್ರೊಫೆಸರೂ ಅದನ್ನೇ ಕೊಡ್ತಾರೆ. ಕೇಳಿ ಕೇಳಿ ಸಾಕಾಗಿದೆ.”

“ನಾನು ತೋರಿಸಿದ್ದು ನನ್ನ ಪಂಚೇನ,” ಎಂದರು ಗುರುಗಳು. “ಕಲ್ಲಿನ ಮೇಲೆ ಒಣಗ್ತಿದೆ. ಗಾಳಿಗೆ ನೀರಿಗೆ ಬೀಳೋ ಹಾಗಿದೆ, ಓಡಿಹೋಗಿ ತಾರಮ್ಮ.”

ಮೇದಿನಿಗೆ ನಗು ತಡೆಯಲಾಗಲಿಲ್ಲ. ಪಂಚೆ ತರಲು ಓಡಿದಳು. ಬಂದಂದಿನಿಂದ ಅವಳು ನಕ್ಕದ್ದು ಅದೇ ಮೊದಲು. ಗುರುಗಳಿಗೆ ಅಷ್ಟಕ್ಕೇ ಸಮಾಧಾನವಾಯಿತು.

ಮಾರನೆಯ ಬೆಳಿಗ್ಗೆ ಲೊರೆದಾನಾ ಕಳಿಸಿದ್ದ ಕಾಗದ ಫೋನಿಗೆ ಬಂತು. ಮೇದಿನಿ ಅದನ್ನು ಅಡುಗೆಮನೆಗೆ ತಂದು, ಕನ್ನಡ ಮಾಡಿ ಗುರುಗಳಿಗೆ ಓದಿ ಹೇಳಿದಳು.

‘ನಿಮ್ಮ ಬರವಣಿಗೆ ಬಹಳ ಸೊಗಸಾಗಿದೆ. ಆದರೆ ನಮ್ಮ ಮಕ್ಕಳು ಕಥೆ ಕೇಳುವವರು. ಅವರಿಗೆ ಬೇಕಾದದ್ದು ದನಿ. ಇವತ್ತು ಮಧ್ಯಾಹ್ನ ಇನ್ನೊಮ್ಮೆ ಫೋನು ಮಾಡುತ್ತೇನೆ. ಆಗಲೂ ನಿಮ್ಮ ದನಿ ಕೇಳದಿದ್ದರೆ, ಕಾಯುತ್ತಿರುವ ಇನ್ನೊಬ್ಬರಿಗೆ ಬಾ ಎಂದುಬಿಡುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.’

ಓದಿ ಮುಗಿಸಿ ಮೇದಿನಿ ಫೋನನ್ನು ಮಗುಚಿಟ್ಟಳು.

“ಇದು ತಪ್ಪಿದ್ರೆ ಇನ್ಯಾವುದೂ ಇಲ್ಲ ಗುರುಗಳೆ.”

“ಹೂಂ.”

“ಒಂದು ವರ್ಷ ಹೋದ್ರೆ ಅಪ್ಪ ಮುಂದೆ ಓದಿಸಲ್ಲ.”

“ಹೂಂ.”

“ಬರೀ ಹೂಂ ಅಂತೀರಲ್ಲ! ಏನಾದ್ರೂ ಹೇಳಿ.”

“ಅವರೆಕಾಯಿ ಬಿಡಿಸೋಣ ಬಾ,” ಎಂದರು ಗುರುಗಳು. “ಕೈ ಖಾಲಿ ಇದ್ರೆ ಹೆದರಿಕೆ ಜಾಸ್ತಿ.”

ಮೊರ ಹಿಡಿದುಕೊಂಡು ಇಬ್ಬರೂ ಮೆಟ್ಟಿಲಿಗೆ ಬಂದರು. ನಡುವೆ ಅವರೆಕಾಯಿಯ ರಾಶಿ. ಮೇದಿನಿಯ ಮಡಿಲಲ್ಲಿ ಉತ್ತರಗಳ ಹಾಳೆಗಳು. ಅವಳು ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕುತ್ತಿದ್ದಳು. ಗುರುಗಳು ಮಾತಿಲ್ಲದೆ ಆರಿಸಿ ಆರಿಸಿ ಸರಿಮಾಡುತ್ತಿದ್ದರು.

ಫೋನು ಬಡಿದುಕೊಂಡಿತು.

ಮೇದಿನಿ ಕೈ ಚಾಚಿದಳು. ಬೆರಳು ಮುಂದೆ ಹೋಗಲಿಲ್ಲ. ಬಾಯಿ ತೆರೆದು ನೋಡಿದಳು, ದನಿ ಹೊರಡಲಿಲ್ಲ. ಮಡಿಲ ತುಂಬ ಉತ್ತರಗಳಿದ್ದವು, ಒಂದೂ ನೆನಪಾಗಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಇನ್ನೇನು ಫೋನು ನಿಂತೇಹೋಗಬೇಕು.

ಗುರುಗಳು ಪಂಚೆಗೆ ಕೈ ಒರೆಸಿಕೊಂಡರು. ಫೋನು ತೆಗೆದುಕೊಂಡು ಒತ್ತಿಯೇಬಿಟ್ಟರು, ಅದೂ ಸ್ಪೀಕರಿಗೆ ಹಾಕಿ.

“ಗುರುಗಳೆ, ಬೇಡ!” ಎಂದು ಮೇದಿನಿ ಪಿಸುಗುಟ್ಟಿದಳು.

ಇಷ್ಟು ವರ್ಷವಾದರೂ ಗುರುಗಳ ಬಾಯಲ್ಲಿ ಅವಳು ಇಟಾಲಿಯನ್ ಕೇಳಿರಲಿಲ್ಲ. ಕಥೆಗಳೆಲ್ಲ ಕನ್ನಡದಲ್ಲೇ ನಡೆದಿದ್ದವು. ಈಗ ಕೇಳಿದಳು. ಅದನ್ನು ಕನ್ನಡದಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಹೀಗೆ:

“ನಮಸ್ಕಾರ ಅಮ್ಮ! ನಾನು ನಂಜಯ್ಯ ಇದೆ. ಹುಡುಗಿ ಅಲ್ಲ ಇದೆ. ಮುದುಕ ಇದೆ.”

ಆ ಕಡೆಯಿಂದ ಲೊರೆದಾನಾ ಮೆಲ್ಲಗೆ ಕೇಳಿದರು. “ನಮಸ್ಕಾರ. ಮೇದಿನಿ ಇದ್ದಾರೆಯೇ?”

“ಇದೆ, ಇದೆ! ಮೇದಿನಿ ಬಹಳ ಒಳ್ಳೆಯ. ನಾಳೆ ಅವಳು ನನ್ನ ಮನೆ ಬಂದಳು. ಈಗ ನಾವು ಕೂತು ಅವರೆಕಾಯಿಗೆ ಅಂಗಿ ಬಿಚ್ಚುತ್ತಿದೆ.”

ಮೇದಿನಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಹೆಣ್ಣು ಗಂಡಿನ ಗುರುತಿಲ್ಲ, ನಿನ್ನೆ ನಾಳೆಯ ಪರಿವೆಯಿಲ್ಲ, ಮಾತು ಮಾತ್ರ ಲಂಗುಲಗಾಮಿಲ್ಲದೆ ಹೋಗುತ್ತಿದೆ.

“ನೀವು ಅವರ ತಾತನೇ?” ಎಂದರು ಲೊರೆದಾನಾ. ದನಿಯಲ್ಲಿ ನಗು ಸೇರಿಕೊಂಡಿತ್ತು.

“ತಾತ ಅಲ್ಲ. ಮೇಷ್ಟ್ರು. ನಾನು ಇಪ್ಪತ್ತೊಂದು ವರ್ಷ ಇದೆ. ಅವಳು ಎಪ್ಪತ್ತೆಂಟು ವರ್ಷ ಇದೆ. ಆದರೂ ಗಟ್ಟಿ! ನಡೆಯುತ್ತಾಳೆ! ಹಲ್ಲು ಎಲ್ಲ ಇದೆ!”

“ಅಯ್ಯಯ್ಯೋ!” ಎಂದು ಮೇದಿನಿ ಎದ್ದೇಬಿಟ್ಟಳು. ಹಾಳೆಗಳು ಅವರೆಕಾಯಿಯ ಮೇಲೆ ಬಿದ್ದವು. ಫೋನು ಕಿತ್ತುಕೊಂಡಳು.

“ಇಲ್ಲ ಮೇಡಂ, ಇಲ್ಲ! ನನಗೆ ಇಪ್ಪತ್ತೊಂದು! ಎಪ್ಪತ್ತೆಂಟು ಅವರಿಗೆ! ನಾನು ಬಂದದ್ದು ಮೊನ್ನೆ, ನಾಳೆ ಅಲ್ಲ! ಮತ್ತೆ ನಾವಿಲ್ಲಿ ಯಾರ ಅಂಗಿಯನ್ನೂ ಬಿಚ್ಚುತ್ತಿಲ್ಲ, ಕಾಳು ಬಿಡಿಸುತ್ತಿದ್ದೇವೆ!”

ಆ ಕಡೆ ಲೊರೆದಾನಾ ನಕ್ಕರು. ಬಹಳ ಹೊತ್ತು ನಕ್ಕರು. ನಕ್ಕು ಸುಧಾರಿಸಿಕೊಂಡು, “ಯಾವ ಕಾಳು ಅದು?” ಎಂದು ಕೇಳಿದರು.

ಅವರೆಕಾಳಿನ ಬಗ್ಗೆ ಹಾಳೆಗಳಲ್ಲಿ ಏನೂ ಇರಲಿಲ್ಲ. ಮೇದಿನಿ ಬಾಯಿಗೆ ಬಂದದ್ದನ್ನು ಹೇಳತೊಡಗಿದಳು. ಚಳಿಗಾಲದಲ್ಲಿ ಬರುತ್ತದೆ ಎಂದಳು, ಉಪ್ಪಿಟ್ಟಿಗೆ ಹಾಕುತ್ತೇವೆ ಎಂದಳು. ಸೊಗಡು ಎನ್ನುವುದಕ್ಕೆ ಅಲ್ಲಿ ಪದ ಸಿಗದೆ ಊರೆಲ್ಲ ಸುತ್ತಿದಳು. ಸುತ್ತುವಾಗ ಒಂದು ದೊಡ್ಡ ತಪ್ಪು ಆಡಿ ನಾಲಗೆ ಕಚ್ಚಿಕೊಂಡಳು. ಲೊರೆದಾನಾ ಆ ಮಾತನ್ನು ಸರಿಯಾಗಿ ಒಮ್ಮೆ ಹೇಳಿ, ಏನೂ ಆಗಿಲ್ಲವೆಂಬಂತೆ ಮುಂದಿನ ಪ್ರಶ್ನೆ ಕೇಳಿದರು.

“ಅವರೆಕಾಯಿಯ ಮೇಲೆ ಮಕ್ಕಳಿಗೆ ಒಂದು ಕಥೆ ಹೇಳಬಲ್ಲಿರಾ? ಈಗಲೇ?”

ಮೇದಿನಿ ಮೊರದೊಳಗೆ ನೋಡಿದಳು. ಒಂದು ಕಾಯೊಳಗಿಂದ ಹಸಿರು ಹುಳವೊಂದು ತಲೆ ಹೊರಗೆ ಹಾಕಿತ್ತು. ಅದನ್ನೇ ಹಿಡಿದುಕೊಂಡು ಶುರುಮಾಡಿದಳು. ಹುಳಕ್ಕೆ ಹಸಿರು ಕೋಟು ತೊಡಿಸಿದಳು. ಮೂರು ಕೋಣೆಯ ಮನೆ ಕಟ್ಟಿಸಿಕೊಟ್ಟಳು. ಒಂದು ದಿನ ಯಾರೋ ಬಂದು ಗೋಡೆಯನ್ನೇ ಬಿಚ್ಚಿದರು ಎಂದಳು. ಅಷ್ಟಕ್ಕೆ ಕಥೆ ನಿಂತಿತು. ಮುಂದೆ ಏನೆಂದು ಅವಳಿಗೇ ಗೊತ್ತಿರಲಿಲ್ಲ.

“ಆಮೇಲೆ?” ಎಂದರು ಲೊರೆದಾನಾ. ಅದು ಪರೀಕ್ಷೆ ಮಾಡುವವರ ದನಿಯಾಗಿರಲಿಲ್ಲ. ನಿಜವಾಗಿಯೂ ಹುಳದ ಬಗ್ಗೆ ಚಿಂತೆಯಾದವರ ದನಿ.

ಮೇದಿನಿ ಹುಳವನ್ನು ಹೊಳೆ ದಾಟಿಸಿದಳು, ಎಮ್ಮೆಯ ಕಿವಿ ಹತ್ತಿಸಿದಳು, ಏನೇನೋ ಮಾಡಿ ಒಂದು ಗೂಡಿಗೆ ಸೇರಿಸಿದಳು. ಮುಗಿಸಿದಾಗ ಅವಳ ಮೈ ಬೆವೆತಿತ್ತು.

“ಕ್ಷಮಿಸಿ ಮೇಡಂ. ತುಂಬ ತಪ್ಪು ಮಾತಾಡಿದೆ.”

“ಹೌದು, ಮಾತಾಡಿದಿರಿ,” ಎಂದರು ಲೊರೆದಾನಾ. “ದೊಡ್ಡವರನ್ನು ತಿದ್ದುವುದೆಂದರೆ ನಮ್ಮ ಮಕ್ಕಳಿಗೆ ಪ್ರಾಣ. ನೀವು ತಪ್ಪೇ ಮಾಡದಿದ್ದರೆ ಪಾಪ, ಅವರಿಗೆ ಬೇಜಾರಾಗುತ್ತಿತ್ತು. ಕಾಲೇಜಿಗೆ ಬೇಕಾದ ಪತ್ರ ಇವತ್ತೇ ಕಳಿಸುತ್ತೇನೆ. ಯಾವಾಗ ಬರುತ್ತೀರಿ?”

ಫೋನು ಇಟ್ಟ ಮೇಲೆ ಮೇದಿನಿ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ನಕ್ಕಳು, ಅತ್ತಳು, ಮೂಗು ಒರೆಸಿಕೊಂಡು ಮತ್ತೆ ನಕ್ಕಳು. ಗುರುಗಳು ಅಷ್ಟರಲ್ಲಿ ಅವರೆಕಾಯಿ ಪೂರ್ತಿ ಬಿಡಿಸಿಟ್ಟಿದ್ದರು.

ಅವಳು ಅವರ ಕಾಲಿಗೆ ಬಿದ್ದಳು. “ನನಗೆ ಈಗ ಅರ್ಥ ಆಯ್ತು ಗುರುಗಳೆ. ನನ್ನ ಬಾಯಿ ಬಿಡಿಸೋಕೆ ಅಂತ ಬೇಕೂಂತಲೇ ಅಷ್ಟೊಂದು ತಪ್ಪು ಮಾತಾಡಿದ್ರಿ. ಎಂಥಾ ಉಪಾಯ ಮಾಡಿದ್ರಿ!”

“ತಪ್ಪಾ?” ಗುರುಗಳು ಮುಖ ಎತ್ತಿದರು. “ಎಲ್ಲಿ ತಪ್ಪಾಯ್ತು?”

ಮೇದಿನಿ ಕಿಲಕಿಲ ನಕ್ಕಳು. ಗುರುಗಳು ನಗಲಿಲ್ಲ, ಅವರ ಮೀಸೆಯೂ ಅಲುಗಲಿಲ್ಲ. ಅವಳ ನಗು ಮೆಲ್ಲಗೆ ನಿಂತಿತು. ಆ ಮುದಿಮುಖವನ್ನು ಅವಳು ಹೊಸದಾಗಿ ನೋಡುವಂತೆ ನೋಡಿದಳು.

“ಗುರುಗಳೆ, ಅಲ್ಲಿ ಅಷ್ಟು ವರ್ಷ ಇದ್ರಲ್ಲ. ಅಲ್ಲೂ ಹೀಗೇ ಮಾತಾಡ್ತಿದ್ರಾ?”

“ಹೀಗೇ ಕಣಮ್ಮ,” ಎಂದರು ಗುರುಗಳು. “ಒಂದು ದಿನಾನೂ ಯಾರೂ ನನ್ನ ಹಸಿದು ಮಲಗೋಕೆ ಬಿಡ್ಲಿಲ್ಲ.”