ಅಂಚಿನ ಸಾಲಿನ ಹುಚ್ಚೆಳ್ಳು

ಶಾಲಾ ಮೇಷ್ಟರಾಗಿದ್ದ ಶಿಷ್ಯ ಕೊಟ್ರಯ್ಯ ಒಂದು ದಿನ ಗುರುಗಳನ್ನು ಕೇಳಿದ:

“ಗುರುಗಳೇ, ನಾನು ಬರೆಯುತ್ತಿರುವ ನಿಘಂಟು ಒಂದು ಇಂಗ್ಲಿಷ್ ಪದದ ಹತ್ತಿರ ನಿಂತುಹೋಗಿದೆ. ಅವೆರಂಕೇಟ್ ಅಂತ. ಈಗ ಅದನ್ನು ಬಳಸುವವರೇ ಇಲ್ಲ. ಬೇರುಸಹಿತ ಕೀಳುವುದು ಎಂದು ಅರ್ಥ ಕೊಟ್ಟಿದ್ದಾರೆ. ಆದರೆ ಮೂಲದ ಲ್ಯಾಟಿನ್ನಿನಲ್ಲಿ ಅದು ದೇವರು ಕೇಡನ್ನು ತಡೆಯುವುದಕ್ಕೆ ಇದ್ದ ಮಾತಂತೆ. ಯಾರೋ ಪಂಡಿತರು ಕಳೆ ಕೀಳುವ ಮಾತೆಂದು ತಪ್ಪು ತಿಳಿದರು, ಆ ತಪ್ಪೇ ಬೇರೂರಿತು. ಈ ತಪ್ಪು ಅರ್ಥವನ್ನು ಕಿತ್ತು ಹಾಕಲೇ, ಇರಲಿ ಎಂದು ಬಿಡಲೇ?”

ಪದದ ವಿಚಾರ ನನಗೆ ತಿಳಿಯದು, ಹೊಲದ ವಿಚಾರ ಬೇಕಾದರೆ ಹೇಳುತ್ತೇನೆ ಎಂದು ಗುರುಗಳು ನಕ್ಕರು.

ಒಬ್ಬ ರೈತನಿದ್ದ. ಕೆಲಸದಲ್ಲಿ ಗಟ್ಟಿಗ, ಕೋಪದಲ್ಲಿ ಇನ್ನೂ ಗಟ್ಟಿಗ. ಅವನ ಮನೆಗೆ ಹೊಸ ಸೊಸೆ ಬಂದಳು. ರಾಗಿ ಬಿತ್ತುವ ದಿನ ಹೊಲದ ನಾಲ್ಕೂ ಅಂಚಿಗೆ ಒಂದೊಂದು ಸಾಲು ಬೇರೆ ಬೀಜ ಹಾಕುವುದು ಆ ಮನೆಯಲ್ಲಿ ಹೊಸ ಸೊಸೆಯ ಪಾಲಿನ ಕೆಲಸ. ಆ ಮನೆಯವರು ಹಾಕುತ್ತಿದ್ದದ್ದು ಅವರೆಕಾಳು. ಎಲ್ಲರಿಗೂ ಗೊತ್ತಿರುವುದನ್ನು ಹೇಳುವುದೇನು ಎಂದುಕೊಂಡು ಅವಳಿಗೆ ಯಾರೂ ಹೇಳಲಿಲ್ಲ. ಅವಳ ತವರಿನಲ್ಲಿ ಅಂಚಿಗೆ ಹುಚ್ಚೆಳ್ಳು ಹಾಕುತ್ತಿದ್ದರು. ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದ ಹುಚ್ಚೆಳ್ಳನ್ನೇ ಅವಳು ಸಂತೋಷದಿಂದ ಬಿತ್ತಿದಳು.

ಮೊಳಕೆ ಕಂಡಾಗ ರೈತ ಕೆಂಡಾಮಂಡಲವಾದ. ಇಡೀ ಸಾಲನ್ನು ಅವಳೇ ಕೀಳಲಿ, ಕಿತ್ತ ಮೇಲೆ ಅವಳನ್ನೂ ತವರಿಗೆ ಬಿಟ್ಟು ಬರುತ್ತೇನೆ ಎಂದು ಊರಿಗೆಲ್ಲ ಕೇಳುವಂತೆ ಹೇಳಿದ. ಸೊಸೆ ಅಳುತ್ತಾ ಅಂಚಿನಲ್ಲಿ ಕೂತಳು. ಅತ್ತೆ ಬಂದು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡು ಗಂಡನ ಕಡೆ ತಿರುಗಿದಳು.

“ನಾನೂ ಬೇರೆ ಊರಿಂದ ಬಂದೋಳೇ. ಹೂವು ಬಿಡೋ ತನಕ ಇದು ಇರಲಿ. ಆಮೇಲೆ ಬೇಕಾದ್ರೆ ನಮ್ಮಿಬ್ರನ್ನೂ ಒಟ್ಟಿಗೇ ಬಿಟ್ಟು ಬರೀರಂತೆ.”

ಅವಳು ಎದುರು ಮಾತಾಡಿದ್ದು ಅದೇ ಮೊದಲು. ರೈತ ಸಾಲನ್ನು ಹಾಗೇ ಬಿಟ್ಟು ಮನೆ ಕಡೆ ನಡೆದ.

ಹೂವು ಬಿಟ್ಟಿತು. ಹೊಲದ ಸುತ್ತ ಹಳದಿಯೋ ಹಳದಿ. ಒಂದು ಮಧ್ಯಾಹ್ನ ಸಂತೆಗೆ ಹೊರಟಿದ್ದ ದನಗಳ ಹಿಂಡು ಚೆದುರಿ ಹೊಲಗಳಿಗೆ ನುಗ್ಗಿತು. ಪಕ್ಕದ ಹೊಲದಲ್ಲಿ ಒಂದೆರಡು ಸಾಲು ರಾಗಿ ಮೇಯ್ದವು. ಹುಚ್ಚೆಳ್ಳು ದನಕ್ಕೆ ಸೇರುವುದಿಲ್ಲ. ರೈತನ ಅಂಚಿಗೆ ಬಂದು ಮೂಸಿ ನೋಡಿ, ಮುಖ ತಿರುಗಿಸಿಕೊಂಡು ಹೋದವು. ಓಡಿ ಬಂದ ರೈತ ನೋಡಿದರೆ ಒಂದು ತೆನೆಯೂ ಹೋಗಿರಲಿಲ್ಲ. ಅವನಿಗೆ ನಾಚಿಕೆಯೂ ಆಯಿತು, ಹಿಡಿಸಲಾರದಷ್ಟು ಖುಷಿಯೂ ಆಯಿತು. ನಿಮ್ಮೂರಲ್ಲಿ ಇದನ್ನು ಅಂಚಿಗೆ ಯಾಕೆ ಹಾಕುತ್ತಾರೆ ಎಂದು ನಾನು ಕೇಳಲೇ ಇಲ್ಲವಲ್ಲ ತಾಯೀ ಎಂದು ಸೊಸೆಯ ಮುಂದೆ ಒಪ್ಪಿಕೊಂಡ.

ಆ ವರ್ಷ ಮನೆಯಲ್ಲಿ ಅವರೆಕಾಳಿನ ಸಾರಿಲ್ಲ. ಹುಚ್ಚೆಳ್ಳು ಚಟ್ನಿಯಲ್ಲಿ ಮುದ್ದೆ ಉಂಡರು, ರೈತ ಎರಡು ಸಲ ಕೇಳಿ ಬಡಿಸಿಕೊಂಡ. ಮರುವರ್ಷ ಅಕ್ಕಪಕ್ಕದವರೂ ಸೊಸೆಯ ಹತ್ತಿರ ಬೀಜ ಕೇಳಿಕೊಂಡು ಹೋದರು.

ಕತೆ ಮುಗಿಯಿತು. ಹಾಗಾದರೆ ನನ್ನ ಪದದ ಗತಿಯೇನು ಎಂದು ಕೊಟ್ರಯ್ಯ ಮತ್ತೆ ಕೇಳಿದ. ಗುರುಗಳು ಹೇಳಿದರು:

“ಎರಡೂ ಅರ್ಥ ಬರೆದುಕೋ ಕೊಟ್ರಯ್ಯ, ಅವತ್ತು ಆ ಸಾಲು ಕಿತ್ತಿದ್ದರೆ, ಆ ಸೊಸೆಯ ಮಗ ನಾನು ಇವತ್ತು ನಿನ್ನೆದುರು ಕೂತಿರುತ್ತಿರಲಿಲ್ಲ.”