ಕಣ್ಣು ಬರೆಯದ ಚಿತ್ರಗಾರ

"ಅಜ್ಜಾ, ಮಾಡಿದ ತಪ್ಪನ್ನು ಹಾಡು ಮಾಡಿ ಹಾಡಿದರೆ ಆ ತಪ್ಪು ತೀರುತ್ತದೆಯೇ?"

ಕೇಳಿದವನು ಮುರಿಗೆಪ್ಪ. ಮಠದ ಶಿಷ್ಯರಲ್ಲಿ ಪದ ಕಟ್ಟಿ ಹಾಡುವವನು ಅವನೊಬ್ಬನೇ. ಗಂಡ ಸತ್ತ ಮೇಲೆ ಆಸರೆ ಕೇಳಿಕೊಂಡು ಬಂದ ಅಕ್ಕನಿಗೆ, ಮನೆಯಲ್ಲಿ ಜಾಗವಿಲ್ಲ ಎಂದು ಹೇಳಿ ಬಾಗಿಲು ಹಾಕಿಕೊಂಡ ಪಾಪಿ ತಾನು ಎಂದು ಅವನೊಂದು ಪದ ಕಟ್ಟಿದ್ದ. ಸುತ್ತಿನ ಊರುಗಳಲ್ಲೆಲ್ಲ ಅದು ಹೆಸರಾಗಿತ್ತು. ಭಜನೆಯಲ್ಲಿ ಅದನ್ನು ಎತ್ತಿಕೊಂಡರೆ ಗಂಡಸರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಮಠದ ಅಜ್ಜನವರು ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟರು.

"ಅಂದರೆ ಊರವರು ಅತ್ತರೆ ನೀನು ಪಾರಾದೆ ಅನ್ನು. ಭಲೇ ಭಲೇ! ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಹಾಗೆಂದು ಅವರು ಹೇಳತೊಡಗಿದರು.

ಒಬ್ಬ ಚಿತ್ರಗಾರನಿದ್ದ. ಅವನಿಗೊಬ್ಬ ಅಣ್ಣ, ಅವನೂ ಚಿತ್ರಗಾರನೇ. ಅಪ್ಪ ಸತ್ತ ಮೇಲೆ ತಮ್ಮನ ಕೈಗೆ ಕುಂಚ ಕೊಟ್ಟು, ಬಣ್ಣ ಅರೆಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವನು ಆ ಅಣ್ಣ. ದೇವರ ಮರದ ಮೂರ್ತಿಗಳಿಗೆ ಬಣ್ಣ ಹಾಕುವುದು ಅವರ ಮನೆತನದ ಕೆಲಸ. ಮೈ, ಸೀರೆ, ಒಡವೆ ಎಲ್ಲ ಮುಗಿದ ಮೇಲೆ ಕೊನೆಗೆ ಕಣ್ಣು. ಕಣ್ಣು ಬರೆಯುವ ಹಕ್ಕು ಮನೆಯ ಹಿರಿಯನದು. ಅವನು ಉಪವಾಸವಿದ್ದು, ಮಿಂದು ಬಂದು, ಒಬ್ಬನೇ ಒಳಗೆ ಹೋಗಿ ಬರೆಯಬೇಕು. ಕಿರಿಯರು ಅದಕ್ಕೆ ಕೈ ಹಾಕುವಂತಿಲ್ಲ.

ತಮ್ಮನಿಗೋ, ತನ್ನ ಕೈ ಅಣ್ಣನ ಕೈಗಿಂತ ಮೇಲು ಎಂಬ ಹಮ್ಮು ಹತ್ತಿತ್ತು. ಊರದೇವಿಗೆ ಹೊಸ ಬಣ್ಣ ಹಾಕಿದ ದಿನ ಅಣ್ಣ ಮೀಯಲು ಕೆರೆಗೆ ಹೋದ. ಇವನು ಸದ್ದಿಲ್ಲದೆ ಒಳಗೆ ನುಗ್ಗಿ ಕಣ್ಣು ಬರೆದುಬಿಟ್ಟ. ಯಾರಾದರೂ ಬಂದಾರು ಎಂಬ ಅವಸರ ಬೇರೆ. ಒಂದು ಕಣ್ಣಿನ ಕರಿಗುಡ್ಡೆ ಮೂಗಿನ ಕಡೆ ಸರಿಯಿತು. ದೇವಿಗೆ ಮೆಳ್ಳೆಗಣ್ಣಾಯಿತು. ಕುಂಚ ಅಲ್ಲೇ ಬಿಸಾಕಿ ಹಿಂಬಾಗಿಲಿಂದ ಓಡಿದ.

ಅಣ್ಣ ಒದ್ದೆ ಬಟ್ಟೆಯಲ್ಲಿ ಬಂದು ಒಳಗೆ ಕಾಲಿಟ್ಟ. ಸ್ವಲ್ಪ ಹೊತ್ತಿಗೆ ಊರ ಹಿರಿಯರೂ ಬಂದರು. ಮೆಳ್ಳೆಗಣ್ಣಿನ ದೇವಿಯನ್ನು ಕಂಡು ಊರಿಗೆ ಊರೇ ಹೌಹಾರಿತು. "ಯಾರು ಬರೆದದ್ದು ಇದನ್ನು?" ಎಂದು ಹಿರಿಯರು ಕೇಳಿದರು. ಅಣ್ಣ ಗುಂಪಿನಲ್ಲಿದ್ದ ತಮ್ಮನ ಕಡೆ ಒಂದು ಸಲ ನೋಡಿದ. ತಮ್ಮನ ಬೆರಳಿಗೆ ಕಪ್ಪು ಅಂಟಿತ್ತು. ಅವನು ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡ, ತುಟಿ ಬಿಚ್ಚಲಿಲ್ಲ. ಆಗ ಅಣ್ಣ, "ನನ್ನ ಕೈಯೇ ತಪ್ಪಿತು" ಎಂದುಬಿಟ್ಟ.

ಊರವರು ಅವನ ಕುಂಚ ಮುರಿದು ಊರು ಬಿಡಿಸಿದರು. ಮಟಮಟ ಮಧ್ಯಾಹ್ನ ಅವನು ಗುಡ್ಡದ ಕಾಲುದಾರಿ ಹಿಡಿದು ಹೋದ. ತಮ್ಮನೋ, ಮನೆಯ ಕಿಟಕಿಯ ಹಿಂದೆ ನಿಂತು ನೋಡಿದ. ಒಂದು ಸಲ "ಅಣ್ಣಾ" ಎಂದು ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ. ಹೇಡಿ! ಅವನ ಮಾತು ಎತ್ತಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆಮೇಲೆ ಅವನ ಕೈಯಿಂದ ಕಣ್ಣು ಬರೆಯುವುದು ಆಗಲಿಲ್ಲ. ಯಾವ ದೇವರಿಗೆ ಬರೆದರೂ ಅದು ಅಣ್ಣನ ಕಣ್ಣಾಗಿ ಇವನನ್ನೇ ನೋಡುತ್ತಿತ್ತು. ಮೂರ್ತಿಯ ಕೆಲಸ ಬಿಟ್ಟ. ಮನುಷ್ಯರ ಚಿತ್ರ ಬಿಟ್ಟ. ದನಕರು, ಹಕ್ಕಿಪಕ್ಕಿ ಕೂಡ ಬಿಟ್ಟ, ಅವಕ್ಕೂ ಕಣ್ಣಿದೆಯಲ್ಲ. ಕೊನೆಗೆ ಉಳಿದದ್ದು ಮಣ್ಣು, ಕಲ್ಲು, ಆಕಾಶ. ಒಂದು ದೊಡ್ಡ ಬಟ್ಟೆಯ ಮೇಲೆ ಆ ಗುಡ್ಡವನ್ನು ಬರೆದ. ನೆತ್ತಿ ಸುಡುವ ಬಿಸಿಲು, ನೆರಳಿಲ್ಲದ ಬಂಡೆಗಳು, ಮೇಲಕ್ಕೆ ಹೋಗುವ ಬರಿಯ ದಾರಿ. ತಪ್ಪಲಿನ ಮನೆಗಳಿಗೆ ಕಿಟಕಿಯನ್ನೂ ಇಡಲಿಲ್ಲ.

ಇವನ ಅದೃಷ್ಟ ನೋಡು, ಆ ಚಿತ್ರ ಹೆಸರಾಗಿಬಿಟ್ಟಿತು! ಪಾಳೆಯಗಾರ ಅದನ್ನು ತರಿಸಿ ತನ್ನ ಚಾವಡಿಯಲ್ಲಿ ತೂಗುಹಾಕಿದ. ದೂರದೂರದಿಂದ ಜನ ಬಂದು ನೋಡಿ, "ಎಂಥ ಶಾಂತಿ, ಎದೆ ತಣ್ಣಗಾಯಿತು" ಅಂದರು. ನಾಚಿಕೆಯಿಂದ ಬರೆದದ್ದು ಅವರಿಗೆ ಶಾಂತಿಯಾಗಿ ಕಂಡಿತು. ಇವನು ಮೂಲೆಯಲ್ಲಿ ನಿಂತು ಅಳುತ್ತಿದ್ದ. ಅದನ್ನು ಕಂಡವರು, "ಇಷ್ಟು ದೊಡ್ಡ ಕಲಾವಿದ, ಎಂಥ ವಿನಯ!" ಅಂದರು. ಅದನ್ನು ಕೇಳಿ ಇವನು ಮತ್ತಷ್ಟು ಅತ್ತ. ಬರಬರುತ್ತ ಅಳು ರೂಢಿಯಾಯಿತಪ್ಪ, ಅದರ ರುಚಿಯೂ ಹತ್ತಿತು. ಅಣ್ಣ ಪಕ್ಕದ ಸೀಮೆಯಲ್ಲಿ ಗೋಡೆಗಳಿಗೆ ಸುಣ್ಣ ಬಳಿದು ಹೊಟ್ಟೆ ಹೊರೆಯುತ್ತಿದ್ದಾನೆ ಎಂದು ಯಾರೋ ಬಂದು ಹೇಳಿದರು. ಇವನು ಹೋಗಲಿಲ್ಲ. ಈ ಚಿತ್ರವೇ ನನ್ನ ಪ್ರಾಯಶ್ಚಿತ್ತ ಎಂದುಕೊಂಡು ಸುಮ್ಮನಾದ.

ಒಂದು ದಿನ ಚಾವಡಿಗೆ ಬಂದ ಒಬ್ಬ ವ್ಯಾಪಾರಿ ಕೇಳಿದ, "ಅಲ್ಲ ಸ್ವಾಮಿ, ಇಷ್ಟು ದೊಡ್ಡ ಚಿತ್ರದಲ್ಲಿ ಒಂದು ನರಪಿಳ್ಳೆಯೂ ಇಲ್ಲವಲ್ಲ, ಯಾಕೆ?"

ಇವನು ಬಾಯಿಗೆ ಬಂದದ್ದನ್ನು ಹೇಳಿದ: "ಮನುಷ್ಯನಿಲ್ಲದ ಕಡೆ ದೇವರಿರುತ್ತಾನೆ."

ಕೂತವರೆಲ್ಲ ಆಹಾ ಎಂದರು. ಕೆಲವೇ ದಿನಗಳಲ್ಲಿ ಆ ಮಾತು ಸಂತೆಗೂ ಬಾವಿಕಟ್ಟೆಗೂ ಹೋಯಿತು. ಒಬ್ಬ ತಾಯಿ ಕಂಕುಳಲ್ಲಿದ್ದ ಮಗುವಿಗೆ ಅದನ್ನು ಹೇಳಿಕೊಡುವುದು ಇವನ ಕಿವಿಗೆ ಬಿತ್ತು. ನೆಲ ಬಾಯಿ ಬಿಡಬಾರದೇ ಅನಿಸಿತು. ಅಲ್ಲಿಯವರೆಗೆ ಅವನು ಬಾಯಿ ಮುಚ್ಚಿಕೊಂಡಿದ್ದ, ಅಷ್ಟೆ. ಈಗ ದೇವರ ಹೆಸರು ಹಿಡಿದು ಸುಳ್ಳು ಹೇಳಿದ್ದ.

ಪಾಳೆಯಗಾರನ ಕಾಲು ಹಿಡಿದು ಚಿತ್ರವನ್ನು ಕೇಳಿ ಪಡೆದು, ಸುತ್ತಿಕೊಂಡು, ಅಣ್ಣನಿದ್ದ ಊರಿಗೆ ಹೊರಟ. ಅಲ್ಲಿ ಹೋಗಿ ಏನು ಹೇಳಬೇಕು ಎಂದು ಯೋಚಿಸಲಿಲ್ಲ. ಅಣ್ಣನೂ ಚಿತ್ರಗಾರನೇ ತಾನೆ, ನೋಡಿದ ಕೂಡಲೇ ಅವನಿಗೆ ತಿಳಿಯುತ್ತದೆ, ಬಾಯಿಬಿಟ್ಟು ಹೇಳುವ ಕಷ್ಟ ತಪ್ಪುತ್ತದೆ ಎಂದುಕೊಂಡ. ಜಾಣ ನೋಡು, ಅಲ್ಲೂ ಜಾಣತನ!

ಅಣ್ಣ ಯಾರದೋ ಮನೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದ. ತಲೆ ನರೆತಿತ್ತು. ತಮ್ಮನನ್ನು ಕಂಡ ಕೂಡಲೇ ಗುರುತು ಹಿಡಿದ.

"ಊಟ ಆಯಿತೇನೋ?" ಎಂದ.

ತಮ್ಮ ಚಿತ್ರ ಬಿಚ್ಚಿ ಹಿಡಿದ. ಅಣ್ಣ ಕೈ ಒರೆಸಿಕೊಂಡು ಹತ್ತಿರ ಬಂದು ಬಹಳ ಹೊತ್ತು ನೋಡಿದ.

"ಚೆನ್ನಾಗಿ ಬರೆದಿದ್ದೀ. ಆವತ್ತು ಬಿಸಿಲು ಹೀಗೇ ಇತ್ತು" ಎಂದ. ಆಮೇಲೆ ಕೇಳಿದ, "ಈ ದಾರಿಯಲ್ಲಿ ನಾನು ಹೋಗುತ್ತಿದ್ದೆನಲ್ಲಪ್ಪ. ನನ್ನನ್ನು ಯಾಕೆ ಬಿಟ್ಟೆ?"

ತಮ್ಮನಿಗೆ ಆಗ ಅರಿವಾಯಿತು. ಬಿಸಿಲಲ್ಲಿ ಬೆಂದವನು ಅಣ್ಣ. ತಾನು ಇಷ್ಟು ವರ್ಷ ಅತ್ತದ್ದು ಮಾತ್ರ ತನಗಾಗಿ. ಕಣ್ಣು ಬರೆಯಲು ಆಗದಿದ್ದರೆ ಬೇಡ, ನಡೆದು ಹೋಗುವವನ ಬೆನ್ನನ್ನಾದರೂ ಬರೆಯಬಹುದಿತ್ತು. ಬೆನ್ನಿಗೆ ಕಣ್ಣಿರುವುದಿಲ್ಲ. ಅಷ್ಟೂ ಅವನಿಗೆ ಹೊಳೆದಿರಲಿಲ್ಲ.

ಹೇಳಬೇಕಾದದ್ದು ಒಂದೇ ಮಾತು, ಆ ಕಣ್ಣು ಬರೆದವನು ನಾನು ಎಂದು. ಅಣ್ಣನಿಗೆ ಅದು ಗೊತ್ತೇ ಇತ್ತು. ಆದರೂ ತಮ್ಮನ ಬಾಯಿಂದ ಕೇಳಬೇಕೆಂದು ಸುಣ್ಣದ ಮಡಕೆಯ ಪಕ್ಕದಲ್ಲಿ ನಿಂತು ಕಾದ. ತಮ್ಮನ ನಾಲಿಗೆ ಏಳಲಿಲ್ಲ. ಕಾದು ಕಾದು, "ಗೋಡೆ ಒಣಗುತ್ತದೆ, ಬರುತ್ತೇನೆ" ಎಂದು ಹೇಳಿ ಅಣ್ಣ ಕೆಲಸಕ್ಕೆ ತಿರುಗಿದ. ತಮ್ಮ ಚಿತ್ರ ಸುತ್ತಿಕೊಂಡು ಹಿಂದಕ್ಕೆ ಬಂದ. ಚಿತ್ರ ಮತ್ತೆ ಚಾವಡಿ ಸೇರಿತು. ಜನ ಈಗಲೂ ಅದನ್ನು ನೋಡಿ ಎದೆ ತಣ್ಣಗಾಯಿತು ಅನ್ನುತ್ತಾರೆ.

ಅಜ್ಜನವರು ಇಷ್ಟು ಹೇಳಿ ನಿಲ್ಲಿಸಿದರು. ಮುರಿಗೆಪ್ಪನ ಮುಖ ಸಪ್ಪಗಾಗಿತ್ತು.

"ಅಣ್ಣ ಒಂದು ಮಾತೂ ಬಯ್ಯಲಿಲ್ಲವೇ ಅಜ್ಜಾ?" ಎಂದ.

"ಬೈದಿದ್ದರೆ ಇವನು ಅದನ್ನೂ ಒಂದು ಚಿತ್ರ ಮಾಡಿಕೊಳ್ಳುತ್ತಿದ್ದ."

ಮುರಿಗೆಪ್ಪ ಕೂತಲ್ಲೇ ಸ್ವಲ್ಪ ಸರಿದಾಡಿದ. "ಆದರೆ ನಾನು ಆ ಚಿತ್ರಗಾರನ ಹಾಗೆ ಮುಚ್ಚಿಟ್ಟಿಲ್ಲ ಅಜ್ಜಾ. ತಪ್ಪು ನನ್ನದೇ ಎಂದು ಎಲ್ಲರ ಎದುರಿಗೆ ಹಾಡಿದ್ದೇನೆ. ನನ್ನ ಪದದಲ್ಲಿ ನನ್ನ ಅಕ್ಕ ಇದ್ದಾಳೆ" ಎಂದ.

"ಪದದಲ್ಲಿ ಇದ್ದಾಳೆ, ನಾನೂ ಕೇಳಿದ್ದೇನೆ," ಎಂದರು ಅಜ್ಜನವರು, "ಈಗ ಯಾರ ಮನೆಯಲ್ಲಿ ಇದ್ದಾಳೆ?"