ತಣ್ಣಗಾದ ಡಬ್ಬಿ, ಲೊಚ್ಚಮ್ಮನ ಮೊಟ್ಟೆ

ಹೂಂಗುಟ್ಟಿದರೆ ಹೇಳುತ್ತೇನೆ. ಸುಮ್ಮನಿದ್ದರೆ ನಿಲ್ಲಿಸುತ್ತೇನೆ. ಎಲ್ಲಿ, ಹೂಂ ಅನ್ನಿ.

ಚಂಪಕ್ಕನ ಮನೆ ಗೋಡೆ. ಗೋಡೆಯ ಮೇಲೆ ಇಂಟರ್ನೆಟ್ಟಿನ ಡಬ್ಬಿ. ಡಬ್ಬಿಗೊಂದು ಹಸಿರು ದೀಪ. ಡಬ್ಬಿಯ ಬೆನ್ನು ಸದಾ ಬೆಚ್ಚಗೆ. ಆ ಬೆನ್ನ ಹಿಂದೆ ಲೊಚ್ಚಮ್ಮ ಅನ್ನೋ ಹಲ್ಲಿ. ಲೊಚ್ಚಮ್ಮನಿಗೆ ಎರಡು ಮೊಟ್ಟೆ. ಪುಟಾಣಿ, ಬಿಳಿ ಬಿಳಿ ಮೊಟ್ಟೆ.

ಹಲ್ಲಿ ನಕ್ಕರೂ ಲೊಚ್. ಅತ್ತರೂ ಲೊಚ್. ಮನುಷ್ಯರಿಗೆ ಅದೆಲ್ಲಿ ಗೊತ್ತು? ಯಾರಾದರೂ ಮಾತಾಡುವಾಗ ಹಲ್ಲಿ ಲೊಚ್ ಅಂದರೆ ಸಾಕು. "ಹಲ್ಲಿ ನುಡೀತು! ಆಡಿದ ಮಾತು ನಿಜ ನಿಜ!" ಅಂತ ನೆಲ ತಟ್ಟುತ್ತಾರೆ. ನಿಮ್ಮಜ್ಜಿಯೂ ತಟ್ಟುತ್ತಾರೆ. ಬೇಕಾದರೆ ನೋಡಿ.

ಒಂದು ದಿನ ಹಸಿರು ದೀಪ ಆರಿತು. ಡಬ್ಬಿ ತಣ್ಣಗಾಯಿತು. ಮೊಟ್ಟೆಯೂ ತಣ್ಣಗಾಗತೊಡಗಿತು. ಹಲ್ಲಿಯ ಮೈಯೇ ತಣ್ಣಗೆ, ಪಾಪ. ಅವಳು ಕಾವು ಕೊಡೋದು ಹೇಗೆ?

ಲೊಚ್ಚಮ್ಮ ಗೋಡೆಯಿಂದ ಇಳಿದಳು. ಓಡಿದಳು.

"ಚಂಪಕ್ಕ, ಚಂಪಕ್ಕ, ಡಬ್ಬಿ ಹಚ್ಚು. ಡಬ್ಬಿಗೆ ಕಾವಿಲ್ಲ, ಮೊಟ್ಟೆಗೆ ಕಾವಿಲ್ಲ, ನನ್ನ ಮಕ್ಕಳಿಗೆ ಉಸಿರಿಲ್ಲ."

"ಹೋಗೇ ಹೋಗೇ. ನೆಟ್ಟಿನ ದರ ಮತ್ತೆ ಏರಿದೆ. ನನ್ನ ಮಗಳ ಪಾಠವೇ ನಿಂತಿದೆ. ನಿನ್ನ ಮೊಟ್ಟೆಗೆ ಹಚ್ಚಲಾ? ಕೇಬಲ್ ಮಾದಣ್ಣನ್ನ ಕೇಳು."

ಅಳು ಬಂತು. ನುಂಗಿಕೊಂಡಳು. ಓಡಿದಳು.

ಮಾದಣ್ಣ ಕಂಬದ ಮೇಲಿದ್ದ.

"ಮಾದಣ್ಣ, ಮಾದಣ್ಣ, ದರ ಇಳಿಸು. ಚಂಪಕ್ಕ ಡಬ್ಬಿ ಹಚ್ಚಲೊಲ್ಲಳು. ಡಬ್ಬಿಗೆ ಕಾವಿಲ್ಲ, ಮೊಟ್ಟೆಗೆ ಕಾವಿಲ್ಲ, ನನ್ನ ಮಕ್ಕಳಿಗೆ ಉಸಿರಿಲ್ಲ."

"ನಾನು ವೈರ್ ಎಳೆಯೋನು ತಾಯಿ. ದರ ಇಳಿಸೋನಲ್ಲ. ಆಫೀಸಲ್ಲಿ ಫೋನ್ ಎತ್ತೋ ಫರೀದಮ್ಮನ್ನ ಕೇಳು."

ಅಳು ಬಂತು. ನುಂಗಿಕೊಂಡಳು. ಓಡಿದಳು.

"ಫರೀದಮ್ಮ, ಫರೀದಮ್ಮ, ದರ ಇಳಿಸು. ಮಾದಣ್ಣ ಇಳಿಸಲೊಲ್ಲ. ಚಂಪಕ್ಕ ಡಬ್ಬಿ ಹಚ್ಚಲೊಲ್ಲಳು. ಡಬ್ಬಿಗೆ ಕಾವಿಲ್ಲ, ಮೊಟ್ಟೆಗೆ ಕಾವಿಲ್ಲ, ನನ್ನ ಮಕ್ಕಳಿಗೆ ಉಸಿರಿಲ್ಲ."

"ಕನ್ನಡಕ್ಕೆ ಒಂದನ್ನು ಒತ್ತಿ. ದೂರಿಗೆ ಎರಡನ್ನು ಒತ್ತಿ. ಅಳುವುದಾದರೆ ಕಾಯುತ್ತಿರಿ," ಅಂದಳು ಫರೀದಮ್ಮ. ಆಮೇಲೆ ಮೆಲ್ಲಗೆ, "ನನ್ನ ಕೈಲೇನಿದೆಯಮ್ಮಾ? ನೀಲಿ ಕಂಪನಿ ಸಾಹುಕಾರರನ್ನ ಕೇಳು," ಅಂದಳು.

ಅಳು ಬಂತು. ನುಂಗಿಕೊಂಡಳು. ಓಡಿದಳು.

"ನೀಲಿ ಸಾಹುಕಾರ್ರೇ, ದರ ಇಳಿಸಿ. ಫರೀದಮ್ಮ ಇಳಿಸಲೊಲ್ಲಳು. ಮಾದಣ್ಣ ಇಳಿಸಲೊಲ್ಲ. ಚಂಪಕ್ಕ ಡಬ್ಬಿ ಹಚ್ಚಲೊಲ್ಲಳು. ಡಬ್ಬಿಗೆ ಕಾವಿಲ್ಲ, ಮೊಟ್ಟೆಗೆ ಕಾವಿಲ್ಲ, ನನ್ನ ಮಕ್ಕಳಿಗೆ ಉಸಿರಿಲ್ಲ."

"ನಾನ್ಯಾಕೆ ಇಳಿಸಲಿ? ಸಣ್ಣ ಕಂಪನಿಗಳೆಲ್ಲ ಬಾಗಿಲು ಹಾಕಿದವು. ಊರಲ್ಲಿ ಉಳಿದೋರು ಇಬ್ಬರೇ. ನಾನು, ಆ ಕೆಂಪು ಕಂಪನಿಯವನು. ಅವನು ಇಳಿಸಲಿ, ಮರುಗಳಿಗೆ ನಾನೂ ಇಳಿಸ್ತೀನಿ."

ಅಳು ಬಂತು. ನುಂಗಿಕೊಂಡಳು. ಕಾಲು ಸೋತಿತ್ತು. ಆದರೂ ಓಡಿದಳು.

"ಕೆಂಪು ಸಾಹುಕಾರ್ರೇ, ದರ ಇಳಿಸಿ. ನೀಲಿ ಸಾಹುಕಾರ ಇಳಿಸಲೊಲ್ಲ. ಫರೀದಮ್ಮ ಇಳಿಸಲೊಲ್ಲಳು. ಮಾದಣ್ಣ ಇಳಿಸಲೊಲ್ಲ. ಚಂಪಕ್ಕ ಡಬ್ಬಿ ಹಚ್ಚಲೊಲ್ಲಳು. ಡಬ್ಬಿಗೆ ಕಾವಿಲ್ಲ, ಮೊಟ್ಟೆಗೆ ಕಾವಿಲ್ಲ, ನನ್ನ ಮಕ್ಕಳಿಗೆ ಉಸಿರಿಲ್ಲ."

"ನೀಲಿಯವನು ಇಳಿಸಲಿ, ಮರುಗಳಿಗೆ ನಾನೂ ಇಳಿಸ್ತೀನಿ."

ಇವನು ಅವನನ್ನು ತೋರಿಸಿದ. ಅವನು ಇವನನ್ನು ತೋರಿಸಿದ. ಇನ್ನು ಕೇಳಲು ಯಾರೂ ಉಳಿದಿರಲಿಲ್ಲ.

ಲೊಚ್ಚಮ್ಮ ಬಂದ ದಾರಿಯಲ್ಲೇ ತಿರುಗಿದಳು. ನೀಲಿ ಸಾಹುಕಾರನ ಗೋಡೆವರೆಗೆ ಬಂದಳು. ಅಲ್ಲಿಂದ ಮುಂದೆ ಕಾಲು ಏಳಲಿಲ್ಲ. ಮನೆಗೆ ಹೋಗಿ ಮಾಡೋದೇನು? ತಣ್ಣಗಾದ ಮೊಟ್ಟೆ ನೋಡೋದೇ?

ಕೆಳಗೆ ಸಾಹುಕಾರ ಆಕಳಿಸುತ್ತ ಗುಮಾಸ್ತನನ್ನು ಕೇಳಿದ. "ಅಲ್ಲಯ್ಯ, ಆ ಕೆಂಪಿನವನು ನಾಳೆ ದರ ಇಳಿಸಿಬಿಟ್ಟರೆ?"

ಆಗಲೇ ಲೊಚ್ಚಮ್ಮನಿಗೆ ಅಳು ಬಂತು. ಈ ಸಲ ನುಂಗಲು ಆಗಲಿಲ್ಲ.

ಲೊಚ್. ಲೊಚ್. ಲೊಚ್.

ಸಾಹುಕಾರ ದಡಬಡ ಎದ್ದ. ನೆಲ ತಟ್ಟಿದ. "ಅಯ್ಯೋ, ಹಲ್ಲಿ ನುಡೀತು! ಅವನು ಇಳಿಸೋದು ನಿಜ! ಜನ ಎಲ್ಲ ಅವನ ಕಡೆ ಓಡ್ತಾರೆ! ಮೊದಲು ನಮ್ಮ ದರ ಇಳಿಸ್ರೋ!"

ನೀಲಿ ಸಾಹುಕಾರ ದರ ಇಳಿಸಿದ. ಅದನ್ನು ಕಂಡು ಕೆಂಪು ಸಾಹುಕಾರ ಇಳಿಸಿದ. ಕೆಂಪಿನವನನ್ನು ಕಂಡು ನೀಲಿಯವನು ಇನ್ನೂ ಇಳಿಸಿದ. ಫರೀದಮ್ಮ ಮಾದಣ್ಣನಿಗೆ ಫೋನ್ ಮಾಡಿದಳು. ಮಾದಣ್ಣ ಚಂಪಕ್ಕನಿಗೆ ಕಂಬದಿಂದಲೇ ಕೂಗಿದ. ಚಂಪಕ್ಕ ಡಬ್ಬಿ ಹಚ್ಚಿದಳು. ಡಬ್ಬಿಗೆ ಕಾವು ಬಂತು. ಮೊಟ್ಟೆಗೆ ಕಾವು ಬಂತು.

ಮಕ್ಕಳಿಗೆ ಉಸಿರು ಬಂತೇ?

ಲೊಚ್ಚಮ್ಮ ಮನೆಗೆ ಓಡಿ ಬಂದು ಮೊಟ್ಟೆಗೆ ಕಿವಿಯಿಟ್ಟಳು. ಸದ್ದಿಲ್ಲ. ಕಾದಳು. ಸದ್ದಿಲ್ಲ. ಇನ್ನೂ ಕಾದಳು.

ಟಿಕ್.

ಒಂದು ಮರಿ ಬಂತು. ಅದರ ಹಿಂದೆಯೇ ಇನ್ನೊಂದು ಮರಿ ಬಂತು.

ಕೆಳಗೆ ಚಂಪಕ್ಕನ ಮಗಳು ಪಾಠಕ್ಕೆ ಕೂತಳು. ಚಂಪಕ್ಕ ಉಸ್ಸೆಂದು ಕುಳಿತಳು. "ಅಬ್ಬ! ಇನ್ನು ದರ ಏರೋದಿಲ್ಲ ಬಿಡು," ಅಂದಳು. ಹಾಗೆಂದು, ಹಲ್ಲಿ ನುಡಿಯುತ್ತದೋ ಅಂತ ಗೋಡೆ ನೋಡಿದಳು. ನೆಲ ತಟ್ಟಲು ಕೈ ಎತ್ತಿಕೊಂಡೇ ಇದ್ದಳು.

ಲೊಚ್ಚಮ್ಮ ಮರಿಗಳನ್ನು ಡಬ್ಬಿಯ ಬೆನ್ನಿಗೆ ಇನ್ನಷ್ಟು ಒತ್ತಿ ಹಿಡಿದಳು.

ಲೊಚ್ ಅನ್ನಲಿಲ್ಲ.